ಮೂಗಿನ ಲೆಕ್ಕ
ನಮ್ಮ ಕೆಲಮಂಗಲ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದ್ದು ಮೊನ್ನೆ ಮೊನ್ನೆ, 2004ರಲ್ಲಿ. ಬ್ರಿಟಿಷರ ಕಾಲಕ್ಕೆ ಅದು ಮದ್ರಾಸ್ ಪ್ರಾಂತ್ಯದ ಸೇಲಂ ಜಿಲ್ಲೆ. ಹಾಗಾಗಿ ನಮ್ಮ ಕಡೆಯ ಒಕ್ಕಲಿಗರು, ಕುರುಬರು, ಬೆಟ್ಟದ ಇರುಳರು ಹೀಗೆ ಜಾತಿಗಳೆಲ್ಲ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಬಗ್ಗೆ ಹೊರತಂದ ಏಳು ಸಂಪುಟಗಳಲ್ಲಿ ದಾಖಲಾದವು. ಮದ್ರಾಸ್ ಮ್ಯೂಸಿಯಂನ ಮುಖ್ಯಸ್ಥನಾಗಿದ್ದ ಈತ ಜನರ ತಲೆ, ಮೂಗು, ಎತ್ತರ ಅಳೆದ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು ಆ ಕಾಲದ ವಿಜ್ಞಾನ. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಅನ್ನುವುದು ಬಂಗಾಳದಲ್ಲಿ ಅಳೆದ ಬ್ರಿಟಿಷ್ ಅಧಿಕಾರಿ ರಿಸ್ಲೆಯ ತೀರ್ಮಾನ. ಥರ್ಸ್ಟನ್ ಅಳೆಯುತ್ತಿದ್ದಾಗ ನೀಲಗಿರಿಯಲ್ಲಿ ಪೊಲೀಸರಿಗೆ ಬೇಕಾಗಿದ್ದ ಇರುಳನೊಬ್ಬ ಎತ್ತರ ಅಳೆಯುವ ಕಂಬ ನೋಡಿ, ಇದು ನೇಣುಗಂಬ ಅಂತ ಅಳತೆಗೆ ಒಪ್ಪಲೇ ಇಲ್ಲ. ವಯನಾಡಿನ ಪಣಿಯ ಹೆಂಗಸರು, ನಮ್ಮನ್ನು ಕೊಂದು ಹುಲ್ಲು ತುಂಬಿ ಮ್ಯೂಸಿಯಂನಲ್ಲಿ ನಿಲ್ಲಿಸುತ್ತಾನೆ ಅಂತ ಹೆದರಿ ಓಡಿದರು. ಇವನ್ನು ತಮಾಷೆಯ ಪ್ರಸಂಗಗಳೆಂದು ಬರೆದುಕೊಂಡವನು ಥರ್ಸ್ಟನ್ನನೇ. ನನಗೇನೋ ಆ ಹೆಂಗಸರೇ ಅವನನ್ನು ಸರಿಯಾಗಿ ಓದಿದರು ಅನಿಸುತ್ತದೆ. ಹಾಗಂತ ಪುಸ್ತಕವನ್ನು ಒಲೆಗೆ ಹಾಕುವಂತಿಲ್ಲ. ಆಚರಣೆ, ಕುಲ, ಬೆಡಗುಗಳ ಅಷ್ಟು ವಿವರ ಒಂದೇ ಕಡೆ ಸಿಗುವುದು ಕಷ್ಟ. ನಮ್ಮ ಜಾತಿ ಸಂಘಗಳ ಸ್ಮರಣ ಸಂಚಿಕೆಗಳಂತೂ ಅವನನ್ನು ವೇದವಾಕ್ಯದಂತೆ ಉದ್ಧರಿಸುತ್ತವೆ, ತಮಗೆ ಒಪ್ಪುವ ಸಾಲು ಮಾತ್ರ! ಅಂಬೇಡ್ಕರ್ ಮಾಡಿದ್ದು ಬೇರೆ. ಅಸ್ಪೃಶ್ಯರ ಮೂಲ ಕುರಿತ 1948ರ ಪುಸ್ತಕದಲ್ಲಿ ಇಂಥದೇ ಮೂಗಿನ ಅಂಕಿಗಳನ್ನು ಎತ್ತಿಕೊಂಡು, ಇವುಗಳ ಪ್ರಕಾರವೇ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ ಎಂದು ವಾದಿಸಿದರು.