ಪಂಕ್ತಿಯೂ ಕೇರಿಯೂ

ಕಾಯಿದೆಯಿಂದ ಮನಸ್ಸು ಬದಲಾಗದೆಂಬ ಮಾತನ್ನು ಕುಂತೂರಿನ ಸುತ್ತಣ ಸೀಮೆಯಲ್ಲಿ ಈಗಲೂ ಕೇಳುತ್ತೇವೆ. ಕೊಳ್ಳೇಗಾಲವು 1956ರವರೆಗೆ ಮದರಾಸಿಗೆ ಸೇರಿದ್ದಿತಾದುದರಿಂದ ಅಲ್ಲಿಯ 1947ರ ದೇವಾಲಯ ಪ್ರವೇಶ ಶಾಸನವು ಇಲ್ಲಿಗೂ ಅನ್ವಯಿಸಿದ್ದಿತು. 1950ರಲ್ಲಿ ರಾಜ್ಯಾಂಗವು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 1955ರಲ್ಲಿ ಅದರ ಆಚರಣೆಯು ದಂಡನೀಯವಾಯಿತು. ಆದರೂ 2022ರಲ್ಲಿ, ಚಾಮರಾಜನಗರದ ಬಳಿಯ ಹೆಗ್ಗೊಠಾರದಲ್ಲಿ ದಲಿತ ಸ್ತ್ರೀಯೊಬ್ಬಳು ನೀರು ಕುಡಿದಳೆಂದು ತೊಟ್ಟಿಯನ್ನು ಬರಿದುಮಾಡಿ ಗೋಮೂತ್ರದಿಂದ ತೊಳೆದರೆಂಬ ವರ್ತಮಾನವು ನಾಡನ್ನೆಲ್ಲ ನಾಚಿಸಿತು.

ಹಾಗಾದರೆ ಭೇದವು ಜನರ ರಕ್ತದಲ್ಲಿಯೇ ಇದೆಯೆ? ನಾವು ಒಪ್ಪಲಾರೆವು. ಚಿಕ್ಕಲ್ಲೂರಿನ ಸಿದ್ದಪ್ಪಾಜಿಯ ಜಾತ್ರೆಯನ್ನು ನೋಡಿರಿ. ಪಂಕ್ತಿಸೇವೆಯಲ್ಲಿ ನಾನಾ ಜಾತಿಯ ಒಕ್ಕಲು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವರು. ಯಾರ ಕುಲವೂ ಕೆಡದು. ಊರಿಗೆ ಮರಳಿದೊಡನೆ ಕೇರಿಯ ಎಲ್ಲೆ ನೆನಪಾಗುವುದು. ಕಾರಣವೇನು? ಜಾತ್ರೆಯಲ್ಲಿ ಹತ್ತು ಜನ ಉಂಡರೆ ಹನ್ನೊಂದನೆಯವನು ಅಂಜನು. ಊರಿನಲ್ಲಾದರೋ ಕುಲಸ್ಥರ ಬಹಿಷ್ಕಾರದ ಭಯ, ಮಗಳ ಸಂಬಂಧ ತಪ್ಪೀತೆಂಬ ಭಯ. ಅತ್ತ ಹೊಲದ ಕೂಲಿಯನ್ನೇ ನಂಬಿದವನಿಗೆ, ಹಕ್ಕನ್ನು ಕೇಳಿದರೆ ನಾಳೆಯ ಕೂಲಿ ನಿಂತೀತೆಂಬ ಭಯ. ಧರ್ಮಶ್ರದ್ಧೆಯೆಂದು ಕರೆಯಿಸಿಕೊಳ್ಳುವುದರಲ್ಲಿ ಬಹುಪಾಲು ನೆರೆಯವನ ಕಣ್ಣಿನ ಅಂಜಿಕೆಯೇ ಸರಿ.

ಆದುದರಿಂದ ಮನಸ್ಸು ಮೊದಲು ಮಾಗಲೆಂದು ಕಾಯತಕ್ಕುದಲ್ಲ. ಹೆಗ್ಗೊಠಾರದಲ್ಲಿ ಅಧಿಕಾರಿಗಳು ಮುಂದೆ ನಿಂತು ದಲಿತರಿಂದ ಊರ ನಲ್ಲಿಗಳ ನೀರನ್ನು ಕುಡಿಸಿದರು. ಅದು ಅವಶ್ಯವಾದ ಕಾರ್ಯ; ಆದರೆ ಸರಕಾರದ ಜೀಪು ಸಂಜೆಗೆ ಮರಳುವುದು, ಊರಿನ ಹಿರಿಯರು ಊರಿನಲ್ಲಿಯೇ ಉಳಿಯುವರು. ಮೊದಲ ಬೊಗಸೆಯನ್ನು ಅವರೇ ಕೂಡಿ ಕುಡಿದರೆ ಅಂಜುವವರಿಗೆ ಆಸರೆ ದೊರೆಯುವುದು. ಜಾತ್ರೆಯಲ್ಲಿ ಸಾಧ್ಯವಾದುದು ಉಳಿದ ದಿನಗಳಲ್ಲಿ ಅಸಾಧ್ಯವೆನ್ನಲು ನಮ್ಮ ಸೀಮೆಯ ಮಹಾಜನರಿಗೆ ಬಾಯಿ ಬಂದೀತೆ?