ಡಬ್ಬಾ ಪಿಕ್ಚರಿನ ಗಮ್ಮತ್ತು

ಕಿತ್ತೂರು ಸೀಮೆಯ ಹಿರಿಯರನ್ನು ಒಳ್ಳೆಯ ಸಿನಿಮಾ ಯಾವುದೆಂದು ಕೇಳಿದರೆ, ಬಿ.ಆರ್. ಪಂತುಲು ಅವರು 1961ರಲ್ಲಿ ತೆಗೆದ 'ಕಿತ್ತೂರು ಚೆನ್ನಮ್ಮ'ನ ಹೆಸರು ಬಂದೇ ಬರುತ್ತದೆ. ಅದೇ ಮನೆಯ ಹುಡುಗ ಮೊಬೈಲು ಹಿಡಿದು ಬಿದ್ದು ಬಿದ್ದು ನಗುವ ಚಿತ್ರವೇ ಬೇರೆ. ಅಲ್ಲಿ ಖಳನಾಯಕನ ವಿಗ್ಗು ಜಾರುತ್ತಿರುತ್ತದೆ. ದೆವ್ವದ ಬಿಳಿ ಸೀರೆಯ ಕೆಳಗೆ ಹವಾಯಿ ಚಪ್ಪಲಿ ಕಾಣುತ್ತದೆ. "ಇಂಥಾ ಡಬ್ಬಾ ಪಿಕ್ಚರ್ ನೋಡಕೋತ ಕುಂತರ ಪರೀಕ್ಷಾ ಪಾಸಾದಂಗ!" ಎಂದು ಅಪ್ಪ ಗದರುತ್ತಾನೆ. ಅಪ್ಪನ ಸಿಟ್ಟು ಸಹಜವೇ. ಆದರೆ ಡಬ್ಬಾ ಎಂದು ಗೊತ್ತಿದ್ದೂ ಜನ ಅದನ್ನು ಯಾಕೆ ನೋಡುತ್ತಾರೆ?

ಈ ರುಚಿ ಸಿನಿಮಾದಿಂದ ಬಂದದ್ದಲ್ಲ. ಬೈಲಹೊಂಗಲ ಸೀಮೆಯ ಘಟನೆಯೊಂದನ್ನು ಆಧರಿಸಿದ 'ಸಂಗ್ಯಾ ಬಾಳ್ಯಾ' ಸಣ್ಣಾಟಕ್ಕೆ ಅರಮನೆಯ ಸೆಟ್ಟು ಬೇಕಿರಲಿಲ್ಲ. ಒಂದು ಅಟ್ಟ, ಒಂದು ದೀಪ, ಹಿಮ್ಮೇಳ ಇದ್ದರೆ ಸಾಕಿತ್ತು. ಅದು ದುರಂತದ ಕಥೆ. ನಗಬೇಕೆನ್ನುವವರಿಗೆ ಗೋಕಾಕ ಭಾಗದ ಕುಲಗೋಡ ತಮ್ಮಣ್ಣನ 'ಶ್ರೀಕೃಷ್ಣ ಪಾರಿಜಾತ'ವಿತ್ತು. ಒಂದು ಹೂವಿಗಾಗಿ ದೇವರ ಮನೆಯಲ್ಲೇ ಜಗಳ. ಅದರ ನಡುವೆ ಹಳ್ಳಿಯ ಮಾತಿನಲ್ಲಿ ಚೇಷ್ಟೆ ಮಾಡುವ ದೂತಿ! ಸೀರೆಯುಟ್ಟು ನಿಂತವನು ಗಂಡಸೆಂದು ಗೊತ್ತಿದ್ದರೂ ಯಾರೂ ಎದ್ದು ಹೋಗುತ್ತಿರಲಿಲ್ಲ. ಆಟಗಾರರು ಅರ್ಧ ಆಡುತ್ತಿದ್ದರು, ಉಳಿದರ್ಧವನ್ನು ನೋಡುವವರು ಮನಸ್ಸಿನಲ್ಲೇ ತುಂಬಿಕೊಳ್ಳುತ್ತಿದ್ದರು.

ಡಬ್ಬಾ ಪಿಕ್ಚರಿನ ಗಮ್ಮತ್ತೂ ಇದೇ. ಮಹಾರಾಷ್ಟ್ರದ ಮಾಲೆಗಾಂವ್, ನಮ್ಮ ರಾಮದುರ್ಗದ ಹಾಗೆ, ನೇಕಾರರ ಊರು. ಅಲ್ಲಿ ವಿಡಿಯೋ ಪಾರ್ಲರ್ ನಡೆಸುತ್ತಿದ್ದ ನಾಸಿರ್ ಶೇಖ್ 2000ದಲ್ಲಿ 'ಮಾಲೆಗಾಂವ್ ಕೆ ಶೋಲೆ' ತೆಗೆದರು. ಕುದುರೆಗೆ ದುಡ್ಡೆಲ್ಲಿಂದ ಬರಬೇಕು? ಡಕಾಯಿತರು ಸೈಕಲ್ಲಿನ ಮೇಲೆ ಬಂದರು! ಊರವರು ನಕ್ಕರು, ಆ ನಗೆಯಲ್ಲಿ 'ಇವರು ನಮ್ಮವರು' ಎಂಬ ಅಭಿಮಾನವೂ ಇತ್ತು. ಅಮೆರಿಕದ ಎಡ್ ವುಡ್ ತೆಗೆದ 'ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್' ನಗಿಸಲೆಂದು ಮಾಡಿದ್ದಲ್ಲ. ಅದರ ನಟ ಬೇಲಾ ಲುಗೋಸಿ 1956ರಲ್ಲಿ ತೀರಿಕೊಂಡಾಗ, ಇನ್ನೊಬ್ಬನ ಮುಖಕ್ಕೆ ನಿಲುವಂಗಿ ಮುಚ್ಚಿ ಚಿತ್ರ ಮುಗಿಸಲಾಯಿತು. ಜನ ಇಂದಿಗೂ ಅದನ್ನು ನೋಡಿ ನಗುತ್ತಾರೆ.

ಕನ್ನಡದಲ್ಲಿ ಕಡಿಮೆ ಖರ್ಚಿನ ಚಿತ್ರಗಳಿಗೆ ಹೆಸರಾದವರು ಕಾಶೀನಾಥ್. 1984ರ 'ಅನುಭವ'ದ ಹೆಸರನ್ನು ಮಕ್ಕಳೆದುರು ಹೇಳಲು ಹಿರಿಯರು ಹಿಂಜರಿಯುತ್ತಿದ್ದರು. ಅವರ ಗರಡಿಯಲ್ಲಿ ಪಳಗಿದ ಉಪೇಂದ್ರ 1992ರಲ್ಲಿ ಜಗ್ಗೇಶ್ ಅವರನ್ನಿಟ್ಟುಕೊಂಡು 'ತರ್ಲೆ ನನ್ ಮಗ' ನಿರ್ದೇಶಿಸಿದರು. ಅಂದು ಇಂಥ ಚಿತ್ರ ನೋಡಿ ಮನೆಯಲ್ಲಿ ಬೈಸಿಕೊಂಡ ಹುಡುಗರೇ ಇಂದು ಮಕ್ಕಳನ್ನು ಬೈಯುವ ಅಪ್ಪಂದಿರು!

ವಿಜ್ಞಾನ ಏನು ಹೇಳುತ್ತದೆ? ಎಣಿಸಿದ್ದೊಂದು, ಕಂಡದ್ದೊಂದು ಆದಾಗ, ಅದರಿಂದ ಅಪಾಯವಿಲ್ಲವೆಂದು ಮನಸ್ಸಿಗೆ ಖಾತ್ರಿಯಾದರೆ ನಗೆ ಉಕ್ಕುತ್ತದೆ. ದೆವ್ವದ ಕಾಲಿನ ಚಪ್ಪಲಿ ಮಾಡುವ ಕೆಲಸ ಅದೇ. ಮನುಷ್ಯ ಒಬ್ಬನೇ ಇದ್ದಾಗಿಗಿಂತ ನಾಲ್ಕು ಜನರ ನಡುವೆ ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ಕಂಡುಕೊಂಡರು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಥ ಚಿತ್ರಗಳ ಅಭಿಮಾನಿಗಳಲ್ಲಿ ಚೆನ್ನಾಗಿ ಓದಿದವರೇ ಹೆಚ್ಚು. ಅವರು ಒಳ್ಳೆಯ ಚಿತ್ರಗಳನ್ನೂ ನೋಡುವವರು. ಆದ್ದರಿಂದ ಡಬ್ಬಾ ಪಿಕ್ಚರ್ ನೋಡಿದ ಮಾತ್ರಕ್ಕೆ ಹುಡುಗ ದಡ್ಡನಾಗುತ್ತಾನೆಂಬ ಭಯ ಬೇಡ.

ಭಯಪಡಬೇಕಾದದ್ದು ಬೇರೆ ಇದೆ. ಸೈಕಲ್ಲೇರಿದ ಡಕಾಯಿತನನ್ನು ಕಂಡು ನಗುವುದು ಒಂದು. ತೊದಲುವವನನ್ನು, ಕಪ್ಪು ಮೈಬಣ್ಣದವಳನ್ನು, ದಪ್ಪಗಿರುವವನನ್ನು ಹಂಗಿಸಿ ನಗುವುದು ಇನ್ನೊಂದು. ಅಗ್ಗದ ಹಾಸ್ಯದಲ್ಲಿ ಇವೆರಡೂ ಕಲಸಿಕೊಂಡು ಬರುತ್ತವೆ. ರಾತ್ರಿ ನೋಡಿದ ಡೈಲಾಗು ಮರುದಿನ ವರ್ಗದಲ್ಲಿ ಒಬ್ಬ ಹುಡುಗನ ಅಡ್ಡಹೆಸರಾಗುತ್ತದೆ. ತೊದಲುವ ಆ ಹುಡುಗ ಉತ್ತರ ಗೊತ್ತಿದ್ದರೂ ಕೈ ಎತ್ತುವುದನ್ನು ಬಿಡುತ್ತಾನೆ. ಈ ನಷ್ಟ ಯಾವ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ.

ಪಾಲಕರು ಮೊಬೈಲು ಕಸಿದುಕೊಂಡರೆ ಹುಡುಗ ಇನ್ನೊಬ್ಬರ ಮೊಬೈಲಿನಲ್ಲಿ ಕದ್ದು ನೋಡುತ್ತಾನೆ. ಅದರ ಬದಲು ಅಭ್ಯಾಸ ಮುಗಿದ ಮೇಲೆ ಒಂದರ್ಧ ತಾಸು ಅವನ ಜತೆಗೇ ಕೂತು ನೋಡಿರಿ, ನಗು ಬಂದರೆ ನಗಿರಿ. ಆಮೇಲೆ, "ಈಗ ನಕ್ಕಿದ್ದು ಯಾತಕ್ಕೋ ತಮ್ಮಾ?" ಎಂದು ಕೇಳಿರಿ. ವಿದ್ಯಾರ್ಥಿಗಳೂ ಅಷ್ಟೇ, ಬೈಲಹೊಂಗಲವಿರಲಿ, ಸವದತ್ತಿಯಿರಲಿ, ಶಾಲೆಯ ಗ್ಯಾದರಿಂಗಿನಲ್ಲಿ ರಟ್ಟಿನ ಕಿರೀಟ, ಹತ್ತಿಯ ಮೀಸೆ ಕಟ್ಟಿಕೊಂಡು ನೀವೇ ಒಂದು ಡಬ್ಬಾ ನಾಟಕ ಆಡಿರಿ. ಮೀಸೆ ಉದುರಿ ಬಿದ್ದರೂ ಚಿಂತೆಯಿಲ್ಲ. ಯಾರ ಮೈಬಣ್ಣವನ್ನೂ, ಯಾರ ಮಾತಿನ ತೊಡಕನ್ನೂ ಆಡಿಕೊಳ್ಳದೆ ಇಡೀ ಶಾಲೆಯನ್ನು ನಗಿಸಿದರೆ, ಆ ನಾಟಕಕ್ಕೆ ನೂರಕ್ಕೆ ನೂರು ಅಂಕ.