ಪಿತ್ತದ ಬಾಗಿಲು, ನಮ್ಮ ಲಸಿಕೆ ಕಾರ್ಡು

ಸಿಇಟಿ ಬರೆದು ಎಂಜಿನಿಯರಿಂಗ್ ಸೇರಿದ ದಿನವೇ ನಮ್ಮಲ್ಲಿ ಹೆಚ್ಚಿನವರು ಬಯಾಲಜಿಗೆ ಕೈಮುಗಿದುಬಿಟ್ಟೆವು. ಸಿಲೆಬಸ್ಸಿನಲ್ಲಿ ಒಂದು ಬಯಾಲಜಿ ಪೇಪರ್ ಬಂದರೂ 'ಪಾಸಾದ್ರೆ ಸಾಕು ಮಗಾ' ಅನ್ನೋದೇ ಮಂತ್ರ. ಈ ಉದಾಸೀನ ಸರಿಯಲ್ಲ ಅನ್ನೋದು ನಮ್ಮ ಅಭಿಪ್ರಾಯ. ಕಾರಣ ಹೇಳೋಕೆ ಒಂದೇ ಒಂದು ಪ್ರೋಟೀನ್ ಸಾಕು.

ಅದರ ಹೆಸರು ಎನ್‌ಟಿಸಿಪಿ. 349 ಅಮೈನೋ ಆಮ್ಲಗಳ ಸರಪಳಿ. ಲಿವರ್ ಜೀವಕೋಶದ ಪೊರೆಯಲ್ಲಿ ಕೂತಿರುತ್ತದೆ. ತಿಂದ ಕೊಬ್ಬನ್ನು ಜೀರ್ಣಿಸಲು ಲಿವರ್ ಪಿತ್ತಾಮ್ಲ ತಯಾರಿಸಿ ಕರುಳಿಗೆ ಕಳಿಸುತ್ತದೆ. ಕೆಲಸ ಮುಗಿದ ಮೇಲೆ ಅದರಲ್ಲಿ ಸುಮಾರು ಶೇ. 95 ಭಾಗ ರಕ್ತದ ಮೂಲಕ ಲಿವರ್‌ಗೇ ವಾಪಸ್. ಹಾಗೆ ಬಂದದ್ದನ್ನು ಒಳಗೆ ಬಿಟ್ಟುಕೊಳ್ಳುವ ಮುಖ್ಯ ಬಾಗಿಲೇ ಎನ್‌ಟಿಸಿಪಿ. ಇದಕ್ಕೆ ಶಕ್ತಿ ಎಲ್ಲಿಂದ? ಜೀವಕೋಶದ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಕಡಿಮೆ. ಆ ಇಳಿಜಾರಿನಲ್ಲಿ 2 ಸೋಡಿಯಂ ಅಯಾನುಗಳು ಒಳಗಿಳಿಯುವಾಗ 1 ಪಿತ್ತಾಮ್ಲದ ಅಣುವನ್ನೂ ಜೊತೆಗೆ ಎಳೆದು ತರುತ್ತವೆ. ಇಳಿಜಾರು ಉಳಿಯುವಂತೆ ನೋಡಿಕೊಳ್ಳಲು ಎಟಿಪಿ ಖರ್ಚು ಮಾಡುವ ಬೇರೆಯೇ ಒಂದು ಪಂಪ್ ಇದೆ. ಗ್ರೇಡಿಯೆಂಟ್, ಪಂಪ್, ರೀಸೈಕಲ್ - ಇದು ನಮ್ಮದೇ ಭಾಷೆ ಅಲ್ವಾ?

ಇದೇ ಬಾಗಿಲಿನಿಂದ ಕಳ್ಳನೂ ನುಗ್ಗುತ್ತಾನೆ. ಹೆಪಟೈಟಿಸ್ ಬಿ ವೈರಸ್ ಲಿವರ್ ಜೀವಕೋಶದೊಳಗೆ ಹೋಗೋದು ಎನ್‌ಟಿಸಿಪಿಯನ್ನು ಹಿಡಿದುಕೊಂಡೇ ಅಂತ 2012ರಲ್ಲಿ ಬೀಜಿಂಗ್‌ನ ವೆನ್‌ಹುಯಿ ಲಿ ಅವರ ತಂಡ ತೋರಿಸಿತು. ಹೆಪಟೈಟಿಸ್ ಡಿ ವೈರಸ್ಸಿನ ದಾರಿಯೂ ಇದೇ. ಈ ಬಾಗಿಲಿಗೆ ಅಡ್ಡ ನಿಲ್ಲುವ ಬುಲೆವಿರ್ಟೈಡ್ ಎಂಬ ಔಷಧಕ್ಕೆ 2020ರಲ್ಲಿ ಯುರೋಪಿನಲ್ಲಿ ಹೆಪಟೈಟಿಸ್ ಡಿ ಚಿಕಿತ್ಸೆಗೆ ಅನುಮತಿ ಸಿಕ್ಕಿತು.

ಇನ್ನು ನಮ್ಮ ಬುಡಕ್ಕೇ ಬರೋಣ. ಹೆಪಟೈಟಿಸ್ ಬಿ ತಡೆಯಲು ಒಳ್ಳೆಯ ಲಸಿಕೆ ಇದೆ. ಆದರೆ ಸರ್ಕಾರದ ಲಸಿಕಾ ಕಾರ್ಯಕ್ರಮದಲ್ಲಿ ಅದು ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರಲ್ಲಿ. ನಾವು ಹುಟ್ಟಿದ್ದು ಅದಕ್ಕೂ ಮೊದಲು. ಕೆಲವರಿಗೆ ಸಿಕ್ಕಿರಬಹುದು, ಕೆಲವರಿಗೆ ತಪ್ಪಿರಬಹುದು. ಹಾಸ್ಟೆಲ್‌ನಲ್ಲಿ ಒಂದೇ ರೇಜರ್ ನಾಲ್ಕು ಜನರ ಕೈ ದಾಟುತ್ತದೆ; ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಹಚ್ಚೆ ಹಾಕಿಸಿಕೊಳ್ಳುವವರೂ ಇದ್ದಾರೆ. ರಕ್ತದಿಂದ ಹರಡುವ ಈ ವೈರಸ್ಸಿಗೆ ಅಷ್ಟು ಸಾಕು. ಜೊತೆಗೆ ಊಟ ಮಾಡಿದರೆ, ಕೈಕುಲುಕಿದರೆ ಮಾತ್ರ ಹರಡೋದಿಲ್ಲ. ಆದ್ದರಿಂದ ಸೋಂಕಿರುವ ಗೆಳೆಯರನ್ನು ದೂರ ಇಡೋದು ಶುದ್ಧ ಅಜ್ಞಾನ.

ಇವತ್ತೇ ಮನೆಗೆ ಫೋನ್ ಮಾಡಿ, ಲಸಿಕೆ ಕಾರ್ಡ್ ಹುಡುಕೋಕೆ ಅಮ್ಮನಿಗೆ ಹೇಳೋಣ. ಹಾಕಿಸಿಲ್ಲ ಅಂತಾದರೆ ಡಾಕ್ಟರ್ ಹತ್ತಿರ ಹೋಗೋಣ: ಸಾಮಾನ್ಯವಾಗಿ 3 ಡೋಸ್, ಮೊದಲನೆಯದು ಆಗಿ 1 ತಿಂಗಳಿಗೆ ಒಂದು, 6 ತಿಂಗಳಿಗೆ ಇನ್ನೊಂದು. ಒಂದು ಸೆಮಿಸ್ಟರ್ ಮುಗಿಯೋದರೊಳಗೆ ಕೆಲಸ ಹೆಚ್ಚುಕಮ್ಮಿ ಆಗಿಹೋಗುತ್ತದೆ. ಬ್ಯಾಕ್‌ಲಾಗ್ ಇಟ್ಟುಕೊಳ್ಳಬಾರದ ಪೇಪರ್ ಇದು.